65 ಸಾವಿರಕ್ಕೆ ಮೊದಲ ಗೇಮಿಂಗ್ ಪಿಸಿ: ಅಂಗಡಿಯ ಐ7 ಕೊಟೇಶನ್ ತೆಗೆದುಕೊಳ್ಳಲಾ, ಬೇಡ್ವಾ?

ಬೆಣ್ಣೆದೋಸೆ_ಗೇಮರ್

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದೇನೆ. ಮೊದಲ ಸಲ ಗೇಮಿಂಗ್ ಪಿಸಿ ಮಾಡಿಸಬೇಕು. ಅಪ್ಪ 65 ಸಾವಿರ ಕೊಡುತ್ತೇನೆ ಅಂದಿದ್ದಾರೆ. ಅದಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. 24 ಇಂಚಿನ 1080ಪಿ, 100 ಹರ್ಟ್ಜ್ ಮಾನಿಟರ್ ಅಣ್ಣನ ಹತ್ತಿರ ಇದೆ, ಅದನ್ನು ಕೊಡುತ್ತಾನೆ. ಕೀಬೋರ್ಡ್, ಮೌಸ್ ಇವೆ.

ಆಡುವುದು ವ್ಯಾಲರಂಟ್, ಸಿಎಸ್2, ಜಿಟಿಎ 5. ಸೈಬರ್‌ಪಂಕ್ 2077 ಕೂಡ ಆಡಬೇಕು ಅಂತ ತುಂಬಾ ಆಸೆ ಇದೆ.

ಎರಡು ಅಂಗಡಿಯಲ್ಲಿ ಕೇಳಿದೆ. ಒಬ್ಬರು ಹೇಳಿದ್ದು: ಐ7-3770, ಎಚ್61 ಬೋರ್ಡ್, 16 ಜಿಬಿ ಡಿಡಿಆರ್3 ರ‍್ಯಾಮ್, ಆರ್‌ಎಕ್ಸ್ 580 2048ಎಸ್‌ಪಿ 8 ಜಿಬಿ, 512 ಜಿಬಿ ಎಸ್‌ಎಸ್‌ಡಿ, ಆರು ಲೈಟಿನ ಫ್ಯಾನ್ ಇರುವ ಕ್ಯಾಬಿನೆಟ್, ಜೊತೆಗೆ 500 ವ್ಯಾಟ್ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪವರ್ ಸಪ್ಲೈ) ಫ್ರೀ. ಬಜೆಟ್‌ನಲ್ಲಿ ಅರ್ಧದಷ್ಟು ಹಣ ಉಳಿಯುತ್ತದೆ! ಇನ್ನೊಬ್ಬರು ರೈಜನ್ 7 5700ಜಿ, ಎ520 ಬೋರ್ಡ್ ಹಾಕಿಸಿಕೋ, ಗ್ರಾಫಿಕ್ಸ್ ಕಾರ್ಡ್ ಮುಂದೆ ಯಾವಾಗಲಾದರೂ ತಗೋ ಅಂದರು.

ಐ7, 16 ಜಿಬಿ, 8 ಜಿಬಿ ಕಾರ್ಡ್ ಅಂತ ನೋಡಿದರೆ ಮೊದಲನೆಯದೇ ಒಳ್ಳೆಯದು ಅನಿಸುತ್ತದೆ. ಅಷ್ಟು ಕಡಿಮೆಗೆ ಹೇಗೆ ಕೊಡುತ್ತಾರೆ ಅಂತ ಭಯವೂ ಇದೆ. ಏನು ಮಾಡಲಿ?

ಸ್ಕ್ರೂಡ್ರೈವರ್

ದಯವಿಟ್ಟು ಮೊದಲನೆಯದಕ್ಕೆ ಅಡ್ವಾನ್ಸ್ ಕೊಡಬೇಡಿ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ. ಈ ಥರದ ಕೊಟೇಶನ್ ನಮ್ಮ ಊರುಗಳಲ್ಲಿ ಬಹಳ ಜನ ವಿದ್ಯಾರ್ಥಿಗಳ ಕೈಗೆ ಬರುತ್ತಿದೆ.

ಐ7-3770 ಬಂದದ್ದು 2012ರಲ್ಲಿ. ನಾಲ್ಕು ಕೋರ್, ಎಂಟು ಥ್ರೆಡ್. ಆಗಿನ ಕಾಲಕ್ಕೆ ಅದು ನಿಜಕ್ಕೂ ಒಳ್ಳೆಯ ಪ್ರೊಸೆಸರ್. ಆದರೆ ಐ7 ಅನ್ನುವುದು ಆ ವರ್ಷದ ಸಾಲಿನಲ್ಲಿ ಅದರ ಜಾಗ ಯಾವುದು ಅಂತ ಹೇಳುತ್ತದೆ ಅಷ್ಟೇ. ಹತ್ತು ವರ್ಷ ಆದಮೇಲೆ ಬಂದ ಐ3-12100ಎಫ್‌ನಲ್ಲೂ ನಾಲ್ಕು ಕೋರ್, ಎಂಟು ಥ್ರೆಡ್ಡೇ ಇರುವುದು. ಗೇಮ್‌ನಲ್ಲಿ ಅದರ ಮುಂದೆ 3770 ನಿಲ್ಲುವುದಿಲ್ಲ.

ವೇಗ ಒಂದೇ ಅಲ್ಲ, ಗೇಮ್ ಓಪನ್ ಆಗುವುದೇ ಕಷ್ಟವಾಗಬಹುದು. 3770 ಮೂರನೇ ತಲೆಮಾರಿನದು, ಅದರಲ್ಲಿ ಎವಿಎಕ್ಸ್2 (ಲೆಕ್ಕ ಬೇಗ ಮಾಡುವ ಪ್ರೊಸೆಸರ್ ಸೂಚನೆಗಳ ಗುಂಪು) ಇಲ್ಲ. ಇಂಟೆಲ್ ಅದನ್ನು 2013ರ ನಾಲ್ಕನೇ ತಲೆಮಾರಿನಿಂದ ಕೊಟ್ಟಿತು. ಇತ್ತೀಚಿನ ಕೆಲವು ಗೇಮ್‌ಗಳು ಅದಿಲ್ಲದೆ ಶುರುವೇ ಆಗುವುದಿಲ್ಲ. ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನ ಎಂಟನೇ ತಲೆಮಾರಿನಿಂದ ಮೇಲಕ್ಕೆ ಮಾತ್ರ. ವಿಂಡೋಸ್ 10ರ ಸಾಮಾನ್ಯ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನೀವು ಆಡುವ ವ್ಯಾಲರಂಟ್ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಅನ್ನುವ ಎರಡು ಭದ್ರತಾ ವ್ಯವಸ್ಥೆಗಳನ್ನೂ ಕೇಳುತ್ತದೆ. ಹೇಗೋ ಸರ್ಕಸ್ ಮಾಡಿ 11 ಹಾಕಿದರೂ ಅಲ್ಲಿ ಸಿಕ್ಕಿಕೊಳ್ಳುತ್ತೀರಿ.

ಈಗ ಕಾರ್ಡ್. ಆರ್‌ಎಕ್ಸ್ 580 ಬಂದದ್ದು 2017ರಲ್ಲಿ, 2304 ಸ್ಟ್ರೀಮ್ ಪ್ರೊಸೆಸರ್ (ಕಾರ್ಡ್ ಒಳಗೆ ಲೆಕ್ಕ ಮಾಡುವ ಸಣ್ಣ ಘಟಕಗಳು) ಜೊತೆ. ನಿಮಗೆ ಹೇಳಿರುವ 2048ಎಸ್‌ಪಿಯಲ್ಲಿ ಅವು 2048 ಮಾತ್ರ. ಹೆಸರು ಅದೇ, ಕಾರ್ಡ್ ಬೇರೆ. ಇವುಗಳಲ್ಲಿ ಎಷ್ಟೋ ಕ್ರಿಪ್ಟೋ ಮೈನಿಂಗ್‌ನಲ್ಲಿ ಹಗಲೂ ರಾತ್ರಿ ದುಡಿದವು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಮೈನಿಂಗ್ ನಿಂತಮೇಲೆ ಅಂಥ ಕಾರ್ಡ್‌ಗಳು ಮಾರುಕಟ್ಟೆಗೆ ರಾಶಿ ರಾಶಿ ಬಂದವು. ತೊಳೆದು, ಹೊಸ ಬಾಕ್ಸ್‌ಗೆ ಹಾಕಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ. 8 ಜಿಬಿ ಅನ್ನುವ ಒಂದು ಸಂಖ್ಯೆ ನೋಡಿ ಮನಸ್ಸು ಕೊಡಬೇಡಿ.

ಎರಡನೇ ಕೊಟೇಶನ್‌ನಲ್ಲಿ ಮೋಸ ಇಲ್ಲ, ನಿಮ್ಮ ಅಗತ್ಯಕ್ಕೆ ಹೊಂದುವುದಿಲ್ಲ ಅಷ್ಟೇ. 5700ಜಿಯಲ್ಲಿ ಎಂಟು ಕೋರ್ ಇವೆ. ಒಳಗಿನ ವೇಗಾ ಗ್ರಾಫಿಕ್ಸ್‌ನಲ್ಲಿ ವ್ಯಾಲರಂಟ್ ಆಡಬಹುದು. ಸೈಬರ್‌ಪಂಕ್ ಮಾತ್ರ ಸೆಟ್ಟಿಂಗ್ಸ್ ಪೂರ್ತಿ ಇಳಿಸಿದರೂ 1080ಪಿಯಲ್ಲಿ ಎಳೆದಾಡುತ್ತದೆ. ಮುಂದೆ ಕಾರ್ಡ್ ಹಾಕಿದಾಗ ಆ ಒಳಗಿನ ಗ್ರಾಫಿಕ್ಸ್‌ಗೆ ಕೊಟ್ಟ ಹಣ ಸುಮ್ನೆ ಕೂತಿರುತ್ತದೆ. ಇನ್ನೊಂದು ವಿಷಯ: ಇದರ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ. ರೈಜನ್ 5 5600ರಲ್ಲಿ 32 ಎಂಬಿ. ಕಾರ್ಡ್ ಹಾಕಿ ಗೇಮ್ ಆಡುವಾಗ ಆರು ಕೋರಿನ 5600 ಸಾಮಾನ್ಯವಾಗಿ ಮುಂದಿರುವುದು ಇದರಿಂದಲೇ.

ನಾನು ಹೇಳುವ ಕ್ರಮ ಇದು. ಮಾನಿಟರ್ ಯಾವುದು, ಗೇಮ್ ಯಾವುದು ಅಂತ ಮೊದಲು ನೋಡಿ. ಅದಕ್ಕೆ ತಕ್ಕ ಗ್ರಾಫಿಕ್ಸ್ ಕಾರ್ಡ್ ಆರಿಸಿ. ಬಜೆಟ್‌ನ ಮೂರನೇ ಒಂದು ಭಾಗ ಅದಕ್ಕೇ ಹೋಗಲಿ. ಆಮೇಲೆ ಆ ಕಾರ್ಡನ್ನು ಕಾಯಿಸದ ಪ್ರೊಸೆಸರ್. ಉಳಿದದ್ದೆಲ್ಲ ಆಮೇಲೆ. ನಮ್ಮಲ್ಲಿ ಅಂಗಡಿಗೆ ಹೋದ ತಕ್ಷಣ 'ಐ5 ಬೇಕಾ, ಐ7 ಬೇಕಾ' ಅಂತಲೇ ಮಾತು ಶುರುವಾಗುತ್ತದೆ. ಹಣ ತಪ್ಪು ಕಡೆ ಹೋಗುವುದು ಅಲ್ಲಿಂದಲೇ.

ನಿಮ್ಮದು 1080ಪಿ, 100 ಹರ್ಟ್ಜ್. ಅದಕ್ಕೆ ಆರ್‌ಎಕ್ಸ್ 6600 8 ಜಿಬಿ ಸಾಕು. ಎನ್ವಿಡಿಯಾದ ಆರ್‌ಟಿಎಕ್ಸ್ 3050 ಸಿಕ್ಕರೆ ಅಂತ ಕೇಳಬಹುದು. ಗೇಮ್‌ಗೆ 6600 ಅದಕ್ಕಿಂತ ವೇಗ. ಅಲ್ಲದೆ 3050 ಹೆಸರಲ್ಲಿ 8 ಜಿಬಿಯದು ಒಂದು, 2024ರಲ್ಲಿ ಬಂದ 6 ಜಿಬಿಯದು ಇನ್ನೊಂದು ಇದೆ. ಎರಡನೆಯದರಲ್ಲಿ ಮೆಮೊರಿ ಒಂದೇ ಅಲ್ಲ, ಕೋರ್‌ಗಳೂ ಕಡಿಮೆ. ಬ್ಲೆಂಡರ್ ಥರದ 3ಡಿ ಸಾಫ್ಟ್‌ವೇರ್ ಕೆಲಸ ಜಾಸ್ತಿ ಇದ್ದರೆ ಮಾತ್ರ ಎನ್ವಿಡಿಯಾ ಕಡೆ ಯೋಚಿಸಿ.

ಪ್ರೊಸೆಸರ್ ರೈಜನ್ 5 5600, ಬೋರ್ಡ್ ಬಿ550. ರ‍್ಯಾಮ್ ಡಿಡಿಆರ್4 3200, 8 ಜಿಬಿಯ ಎರಡು ಸ್ಟಿಕ್. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿ ಕೂತಿದೆ, ಹಳೆಯ ವಿಡಿಯೋಗಳಲ್ಲಿ ಹೇಳುವ ಬೆಲೆ ನಂಬಿ ಹೋಗಬೇಡಿ. ಹಣ ಸಾಲದಿದ್ದರೆ ಎಸ್‌ಎಸ್‌ಡಿಯನ್ನು 1 ಟಿಬಿಯಿಂದ 500 ಜಿಬಿಗೆ ಇಳಿಸಿ, ಕ್ಯಾಬಿನೆಟ್ ಸಾದಾ ತಗೊಳ್ಳಿ. ಕಾರ್ಡ್ ಮತ್ತು ಎಸ್‌ಎಂಪಿಎಸ್ ಮುಟ್ಟಬೇಡಿ.

ಬೆಣ್ಣೆದೋಸೆ_ಗೇಮರ್

ತುಂಬಾ ಥ್ಯಾಂಕ್ಸ್ ಸರ್. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಅಪ್ಪನಿಗೂ ಓದಿ ಹೇಳಿದೆ. ಒಂದೇ ಅನುಮಾನ: ಆ 500 ವ್ಯಾಟ್ ಎಸ್‌ಎಂಪಿಎಸ್ ಫ್ರೀ ಅಂದರಲ್ಲ, ಅದನ್ನಾದರೂ ಹಾಕಬಹುದಾ? ನಮ್ಮ ಏರಿಯಾದಲ್ಲಿ ಕರೆಂಟ್ ಆಗಾಗ ಹೋಗುತ್ತದೆ. ಅದಕ್ಕೇನು ಮಾಡಬೇಕು? ಮತ್ತೆ ಎಎಂ5 (ಎಎಂಡಿಯ ಹೊಸ ಪ್ರೊಸೆಸರ್ ಸಾಕೆಟ್) ತಗೋ ಅಂತ ಒಬ್ಬ ಫ್ರೆಂಡ್ ಹೇಳುತ್ತಿದ್ದಾನೆ.

ಕಲಬುರಗಿ_ಬಿಸಿಲು

ಫ್ರೀ ಎಸ್‌ಎಂಪಿಎಸ್ ಬೇಡ. ಮೇಲೆ 500 ವ್ಯಾಟ್ ಅಂತ ಸ್ಟಿಕ್ಕರ್ ಇದ್ದ ಮಾತ್ರಕ್ಕೆ ಅಷ್ಟು ಕೊಡುತ್ತದೆ ಅಂತಲ್ಲ. ಪಕ್ಕದ ಚಾರ್ಟ್‌ನಲ್ಲಿ 12 ವೋಲ್ಟ್ ಸಾಲು ಓದಿ. ಪ್ರೊಸೆಸರ್, ಕಾರ್ಡ್ ಎರಡೂ ತಿನ್ನುವುದು ಅಲ್ಲಿಂದಲೇ. ಅಲ್ಲಿ 20 ಆಂಪ್ಸ್ ಅಂತಿದ್ದರೆ ಲೆಕ್ಕ 12 ಗುಣಿಸು 20, ಅಂದರೆ 240 ವ್ಯಾಟ್ ಅಷ್ಟೇ. ಅಗ್ಗದ್ದು ಹಾಳಾಗುವಾಗ ಬೋರ್ಡ್, ಕಾರ್ಡ್ ಕೂಡ ಹಾಳು ಮಾಡಿ ಹೋಗಬಹುದು.

ಆರ್‌ಎಕ್ಸ್ 6600 ಸುಮಾರು 132 ವ್ಯಾಟ್ ತೆಗೆದುಕೊಳ್ಳುತ್ತದೆ. 5600ರದ್ದು 65 ವ್ಯಾಟ್ ರೇಟಿಂಗ್. ಈ ಕಾರ್ಡ್‌ಗೆ ಎಎಂಡಿ ಹೇಳುವುದು ಕನಿಷ್ಠ 450 ವ್ಯಾಟ್ ಎಸ್‌ಎಂಪಿಎಸ್. ಒಳ್ಳೆಯ ಕಂಪನಿಯ 550 ವ್ಯಾಟ್‌ದು ಹಾಕಿ, ಐದು ವರ್ಷ ವಾರಂಟಿ ಇರುವುದನ್ನು ಕೇಳಿ. 80 ಪ್ಲಸ್ ಬ್ರಾಂಜ್ ಅನ್ನುವುದು ಕರೆಂಟ್ ಎಷ್ಟು ವ್ಯರ್ಥವಾಗುತ್ತದೆ ಅನ್ನುವ ಲೆಕ್ಕ. ಗುಣಮಟ್ಟಕ್ಕೆ ಅದೊಂದೇ ಗ್ಯಾರಂಟಿ ಅಲ್ಲ.

ಯುಪಿಎಸ್ ವಿಷಯ. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವ 600 ವಿಎ ಯುಪಿಎಸ್ 360 ವ್ಯಾಟ್ ತನಕ ಮಾತ್ರ. ಮಾನಿಟರ್ ಸೇರಿ ಗೇಮ್ ಆಡುವಾಗ ನಿಮ್ಮದು 300ರ ಹತ್ತಿರ ಹೋಗಬಹುದು, ಬ್ಯಾಟರಿ ಹಳೆಯದಾದಂತೆ ಅದು ಕೈ ಕೊಡುತ್ತದೆ. ಈಗ ಬಜೆಟ್ ಇಲ್ಲದಿದ್ದರೆ ಆಮೇಲೆ 1000 ವಿಎ ತಗೊಳ್ಳಿ. ಅದು ಆಟ ಸೇವ್ ಮಾಡಿ ಆಫ್ ಮಾಡುವುದಕ್ಕೆ, ಆಡುತ್ತಾ ಕೂರುವುದಕ್ಕಲ್ಲ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದು ಸೈನ್ ವೇವ್ (ಗೋಡೆಯ ಕರೆಂಟ್ ಥರವೇ ಕೊಡುವುದು) ಹೌದಾ ನೋಡಿ. ಹಿಂದುಗಡೆ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದಕ್ಕೆ ಹಾಕಿ.

ಇದನ್ನು ಯಾರೂ ಹೇಳುವುದಿಲ್ಲ, ಆದರೆ ನನಗೆ ಎಲ್ಲಕ್ಕಿಂತ ಮುಖ್ಯ: ಮನೆಯ ಅರ್ಥಿಂಗ್. ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಅಂದರೆ ಅರ್ಥಿಂಗ್ ಸರಿ ಇಲ್ಲ ಅಂತ ಅರ್ಥ. ಚಪ್ಪಲಿ ಹಾಕಿಕೊಂಡು ಆಡುವುದು ಪರಿಹಾರ ಅಲ್ಲ. ಎಲೆಕ್ಟ್ರಿಷಿಯನ್ ಕರೆಸಿ.

ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ನಿಮ್ಮಲ್ಲೂ ಸೆಕೆ ಕಡಿಮೆ ಏನಲ್ಲ, ಅಲ್ವಾ? ಮುಂದೆ ಗಾಜು ಮುಚ್ಚಿದ ಕ್ಯಾಬಿನೆಟ್ ಬೇಡ, ಜಾಲರಿ ಇರುವುದು ಬೇಕು. ಮುಂದೆ ಎರಡು ಫ್ಯಾನ್, ಹಿಂದೆ ಒಂದು. ಲೈಟ್ ಇಲ್ಲದಿದ್ದರೂ ನಡೆಯುತ್ತದೆ.

ಸ್ಕ್ರೂಡ್ರೈವರ್

ಅರ್ಥಿಂಗ್ ಮಾತು ನೂರಕ್ಕೆ ನೂರು ನಿಜ.

ಎಎಂ5 ಬಗ್ಗೆ: ನಿಮ್ಮ ಫ್ರೆಂಡ್ ಹೇಳುವುದರಲ್ಲಿ ಅರ್ಥ ಇದೆ. 5600 ಕೂರುವ ಹಳೆಯ ಎಎಂ4 ಸಾಕೆಟ್‌ಗೆ ಇನ್ನು ದೊಡ್ಡ ಭವಿಷ್ಯ ಇಲ್ಲ. ಆದರೆ ಎಎಂ5ಗೆ ಡಿಡಿಆರ್5 ರ‍್ಯಾಮ್ಮೇ ಬೇಕು, ಬೋರ್ಡ್ ಕೂಡ ದುಬಾರಿ. ಆ ವ್ಯತ್ಯಾಸವನ್ನು ನೀವು ಕಾರ್ಡ್‌ನಿಂದಲೇ ಕತ್ತರಿಸಬೇಕಾಗುತ್ತದೆ. 65 ಸಾವಿರಕ್ಕೆ ಅದು ಬೇಡ. ಇಂಟೆಲ್‌ನ ಐ5-12400ಎಫ್ ಮತ್ತು ಡಿಡಿಆರ್4 ಬೋರ್ಡ್ ಒಟ್ಟಿಗೆ ಕಡಿಮೆಗೆ ಸಿಕ್ಕರೆ ಅದೂ 5600ಕ್ಕೆ ಸಮ. ಪ್ರೊಸೆಸರ್ ಒಂದರ ಬೆಲೆ ಹೋಲಿಸಬೇಡಿ, ಬೋರ್ಡ್ ಸೇರಿಸಿ ಹೋಲಿಸಿ.

ಬೆಂಗಳೂರಿಗೆ ಹೋಗುವುದಿದ್ದರೆ ಎಸ್‌ಪಿ ರೋಡ್‌ನಲ್ಲಿ ನಾಲ್ಕೈದು ಕಡೆ ವಿಚಾರಿಸಿ, ಆನ್‌ಲೈನ್ ಬೆಲೆಯನ್ನೂ ಮೊಬೈಲ್‌ನಲ್ಲಿ ತೆರೆದಿಟ್ಟುಕೊಳ್ಳಿ. ಎಲ್ಲದಕ್ಕೂ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಬೇಕು. ಬಿಲ್ ಬೇಡ ಅಂದರೆ 18 ಪರ್ಸೆಂಟ್ ಉಳಿಯುತ್ತದೆ ಅಂತ ಹೇಳುವವರು ಸಿಗುತ್ತಾರೆ. ನಾಳೆ ಕಾರ್ಡ್ ಕೆಟ್ಟರೆ ಆ ಬಿಲ್ ಇಲ್ಲದೆ ವಾರಂಟಿ ಕೇಳುವುದು ಕಷ್ಟ. ಕಾರ್ಡ್ ಬಾಕ್ಸ್ ಮೇಲಿನ ಸೀರಿಯಲ್ ಮತ್ತು ಕಾರ್ಡ್ ಮೇಲಿನದು ಒಂದೇ ಇದೆಯಾ ಅಂತ ಅಲ್ಲೇ ನೋಡಿ.

ಬೆಣ್ಣೆದೋಸೆ_ಗೇಮರ್

ಪಿಸಿ ಬಂತು! 5600, ಬಿ550, ಆರ್‌ಎಕ್ಸ್ 6600, 16 ಜಿಬಿ, 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, 550 ವ್ಯಾಟ್ ಎಸ್‌ಎಂಪಿಎಸ್. ಬಜೆಟ್ ಒಳಗೇ ಆಯಿತು. ಅಂಗಡಿಯಲ್ಲೇ ಅಸೆಂಬಲ್ ಮಾಡಿಕೊಟ್ಟರು. ಬ್ಲೂಟೂತ್ ಇಲ್ಲ, ಪರವಾಗಿಲ್ಲ.

ಆದರೆ ಏನೋ ಸರಿ ಇಲ್ಲ. ಸಿಎಸ್2ನಲ್ಲಿ ಮಧ್ಯೆ ಮಧ್ಯೆ ತಡವರಿಸುತ್ತದೆ. ಎಫ್‌ಪಿಎಸ್ 150 ತೋರಿಸುತ್ತಿದ್ದರೂ ಕಣ್ಣಿಗೆ ನನ್ನ ಹಳೇ ಲ್ಯಾಪ್‌ಟಾಪ್ ಥರವೇ ಕಾಣುತ್ತದೆ. ಕಾರ್ಡ್ ಡಿಫೆಕ್ಟ್ ಇರಬಹುದಾ?

ಸ್ಕ್ರೂಡ್ರೈವರ್

ಅಭಿನಂದನೆಗಳು! ಕಾರ್ಡನ್ನು ಈಗಲೇ ಅನುಮಾನಿಸಬೇಡಿ. ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಮೆಮೊರಿ ಒತ್ತಿ. ಅಲ್ಲಿ ಸ್ಪೀಡ್ ಎಷ್ಟಿದೆ ಹೇಳಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ರಿಫ್ರೆಶ್ ರೇಟ್ (ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ) ನೋಡಿ.

ಬೆಣ್ಣೆದೋಸೆ_ಗೇಮರ್

ಸ್ಪೀಡ್ 2133. ರಿಫ್ರೆಶ್ ರೇಟ್ 60. ಎರಡು ರ‍್ಯಾಮ್ ಅಕ್ಕಪಕ್ಕ ಇವೆ, ಪ್ರೊಸೆಸರ್‌ಗೆ ಹತ್ತಿರದ ಎರಡು ಸ್ಲಾಟ್‌ನಲ್ಲಿ.

ಸ್ಕ್ರೂಡ್ರೈವರ್

ಎಲ್ಲ ಸಿಕ್ಕಿತು. ನಾಲ್ಕು ಸ್ಲಾಟ್ ಬೋರ್ಡ್‌ನಲ್ಲಿ ಅಕ್ಕಪಕ್ಕ ಹಾಕಿದರೆ ಎರಡೂ ಒಂದೇ ಚಾನೆಲ್‌ಗೆ (ರ‍್ಯಾಮ್‌ನಿಂದ ಪ್ರೊಸೆಸರ್‌ಗೆ ಹೋಗುವ ದಾರಿ) ಹೋಗುತ್ತವೆ. ಪಿಸಿ ಆಫ್ ಮಾಡಿ, ವೈರ್ ಕಿತ್ತು, ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಬದಲಿಸಿ. ಕಟ್ ಅಂತ ಲಾಕ್ ಬೀಳುವ ತನಕ ಒತ್ತಿ. ಬೋರ್ಡ್ ಜೊತೆ ಬಂದ ಪುಸ್ತಕದಲ್ಲಿ ಒಮ್ಮೆ ಖಚಿತ ಮಾಡಿಕೊಳ್ಳಿ.

ಆಮೇಲೆ ಆನ್ ಮಾಡುವಾಗ ಡಿಲೀಟ್ ಕೀ ಒತ್ತುತ್ತಾ ಬಯೋಸ್‌ಗೆ ಹೋಗಿ. ಅಲ್ಲಿ ಎಕ್ಸ್‌ಎಂಪಿ ಅಂತಲೋ ಡಿಒಸಿಪಿ ಅಂತಲೋ ಇರುತ್ತದೆ, ಆನ್ ಮಾಡಿ ಸೇವ್ ಮಾಡಿ. 3200 ರ‍್ಯಾಮ್ ಕೊಂಡರೂ ಇದನ್ನು ಆನ್ ಮಾಡದಿದ್ದರೆ ಅದು ನಿಧಾನವೇ ಓಡುತ್ತದೆ. ಮೊದಲ ಸಲ ಆನ್ ಆಗುವುದು ಸ್ವಲ್ಪ ತಡವಾಗಬಹುದು, ಒಂದೆರಡು ಸಲ ತಾನೇ ರೀಸ್ಟಾರ್ಟ್ ಆಗಬಹುದು. ಹೆದರಿ ಸ್ವಿಚ್ ಒತ್ತಬೇಡಿ.

ಕೊನೆಗೆ ರಿಫ್ರೆಶ್ ರೇಟ್ 100ಕ್ಕೆ ಹಾಕಿ. ಆ ಆಯ್ಕೆಯೇ ಕಾಣದಿದ್ದರೆ ಕೇಬಲ್ ಬದಲಿಸಿ, ಡಿಸ್‌ಪ್ಲೇಪೋರ್ಟ್ ಇದ್ದರೆ ಅದನ್ನೇ ಹಾಕಿ. ಕೇಬಲ್ ಕಾರ್ಡ್‌ಗೆ ಇರಬೇಕು. 5600ಕ್ಕೆ ಒಳಗೆ ಗ್ರಾಫಿಕ್ಸ್ ಇಲ್ಲ, ಬೋರ್ಡ್‌ಗೆ ಹಾಕಿದರೆ ಪರದೆ ಕಪ್ಪಗೇ ಇರುತ್ತದೆ.

ಬೆಣ್ಣೆದೋಸೆ_ಗೇಮರ್

ಆಯ್ತು! ಈಗ 3200 ತೋರಿಸುತ್ತಿದೆ. ಹಳೇ ಎಚ್‌ಡಿಎಂಐ ಕೇಬಲ್‌ನಲ್ಲಿ 100 ಬರಲಿಲ್ಲ, ಡಿಸ್‌ಪ್ಲೇಪೋರ್ಟ್ ಹಾಕಿದ ಮೇಲೆ ಬಂತು. ಸಿಎಸ್2 ನುಣ್ಣಗೆ ಓಡುತ್ತಿದೆ. ಸೈಬರ್‌ಪಂಕ್ ಡೌನ್‌ಲೋಡ್‌ಗೆ ಹಾಕಿದ್ದೇನೆ. ಕಾಲೇಜಿನಲ್ಲಿ ಇನ್ನಿಬ್ಬರು ಅದೇ ಐ7 ಕೊಟೇಶನ್ ಹಿಡಿದು ಓಡಾಡುತ್ತಿದ್ದಾರೆ, ಅವರಿಗೂ ಇದನ್ನೇ ಕಳಿಸಿದ್ದೇನೆ.

ಕಲಬುರಗಿ_ಬಿಸಿಲು

ಅರ್ಥಿಂಗ್ ಚೆಕ್ ಮಾಡಿಸಿದಿರಾ?

ಬೆಣ್ಣೆದೋಸೆ_ಗೇಮರ್

ಭಾನುವಾರ ಎಲೆಕ್ಟ್ರಿಷಿಯನ್ ಬರುತ್ತಾರೆ ಸರ್.