ಚಿಂತಾಮಣಿಯ ಶಾಸನಕ್ಕೆ ಕೋಲಾರದ ಸಂಪುಟವೇ?

ಸಂಶೋಧನಾ ವಿದ್ಯಾರ್ಥಿನಿ, ಚಿಂತಾಮಣಿ:
ನಮ್ಮ ತಾಲ್ಲೂಕಿನ ವೀರಗಲ್ಲೊಂದರ ಪಾಠ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನ ಸಂಗ್ರಹಮಾಲೆಯ ಕೋಲಾರ ಸಂಪುಟದಲ್ಲಿದೆ. ಈಗ ನಮ್ಮದು ಚಿಕ್ಕಬಳ್ಳಾಪುರ ಜಿಲ್ಲೆ. ಅಡಿಟಿಪ್ಪಣಿಯಲ್ಲಿ ಏನೆಂದು ಬರೆಯಲಿ? ಆ ಕಲ್ಲಿನ ಬಗ್ಗೆ ಹೊಲದ ಯಜಮಾನರು ಹೇಳಿದ ಕಥೆಯನ್ನು ಹೇಗೆ ತೋರಿಸಲಿ?

ನಿವೃತ್ತ ಇತಿಹಾಸ ಅಧ್ಯಾಪಕ, ಕೋಲಾರ:
ಸಂಪುಟದ ಹೆಸರನ್ನು ದಯವಿಟ್ಟು ತಿದ್ದಬೇಡಮ್ಮ. ಜಿಲ್ಲೆ ಬೇರೆಯಾದದ್ದು 2007ರಲ್ಲಿ; ಶಾಸನಗಳನ್ನು ಸಂಪಾದಿಸಿದ ಬಿ. ಎಲ್. ರೈಸ್ ಅವರ ಹತ್ತನೆಯ ಸಂಪುಟ, ಅಂದರೆ ಈ ಕೋಲಾರ ಸಂಪುಟ, ಅದಕ್ಕಿಂತ ಬಹಳ ಹಳೆಯದು. ಸಂಪುಟ, ತಾಲ್ಲೂಕು, ಶಾಸನ ಸಂಖ್ಯೆ ಮೂರೂ ಇರಲೇಬೇಕು. ಬರೀ ಪುಟಸಂಖ್ಯೆ ಕೊಟ್ಟರೆ ಹುಡುಕುವವರು ಪರದಾಡುತ್ತಾರೆ, ಏಕೆಂದರೆ ಮೂಲಪಾಠ ಒಂದು ಕಡೆ, ಅನುವಾದ ಇನ್ನೊಂದು ಕಡೆ. ಇಂದಿನ ಜಿಲ್ಲೆಯನ್ನು ವಾಕ್ಯದಲ್ಲೇ ಹೇಳು. ಕಲ್ಲು ಅಲ್ಲೇ ಇದ್ದರೆ ನೀನೇ ಓದಿ, ಯಾವ ಸಾಲು ಸವೆದಿದೆ ಎಂಬುದನ್ನೂ ದಾಖಲಿಸು.

ಗ್ರಂಥಪಾಲಕಿ, ತುಮಕೂರು:
ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ ಉಲ್ಲೇಖ ಪದ್ಧತಿ) ಶೈಲಿಯಾದರೆ ಯಜಮಾನರ ಮಾತನ್ನು ವೈಯಕ್ತಿಕ ಸಂವಹನವೆಂದು ದಿನಾಂಕದೊಂದಿಗೆ ಪಠ್ಯದೊಳಗೇ ತೋರಿಸಿ, ಗ್ರಂಥಸೂಚಿಗೆ ಸೇರಿಸಬೇಡಿ. ಹೆಸರು ಬರೆಯುವ ಮೊದಲು ಅವರ ಒಪ್ಪಿಗೆ ಕೇಳಿ.