ಕಬ್ಬನ್‌ಗೂ ಕಬ್ಬಿಗೂ ಏನು ಸಂಬಂಧ?

ಗುಂಪು: ಕನ್ನಡ ಎಂ.ಎ. ಹಳೇ ಬ್ಯಾಚ್

ಮಂಜು: (ಫಾರ್ವರ್ಡ್) ಕಬ್ಬನ್ ಪಾರ್ಕ್ ಇರುವ ಜಾಗದಲ್ಲಿ ಹಿಂದೆ ಕಬ್ಬಿನ ತೋಟವಿತ್ತು. ‘ಕಬ್ಬಿನ’ ಬ್ರಿಟಿಷರ ಬಾಯಲ್ಲಿ ‘ಕಬ್ಬನ್’ ಆಯಿತು. ಎಲ್ಲ ಕನ್ನಡಿಗರಿಗೂ ತಲುಪಿಸಿ 🙏

ಸುಮಾ: ಇದನ್ನ ಮುಂದಕ್ಕೆ ಕಳಿಸಬೇಡ ಕಣೋ. ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದವರು. ಪಾರ್ಕ್ ಆಗಿದ್ದು 1870ರಲ್ಲಿ. ಪಾರ್ಕಿಗೆ ಮೊದಲು ಇಟ್ಟ ಹೆಸರು ಮೀಡ್ಸ್ ಪಾರ್ಕ್. ಕಬ್ಬಿನಿಂದ ಬಂದಿದ್ದರೆ ಮೊದಲ ಹೆಸರೇ ಕಬ್ಬನ್ ಇರಬೇಕಿತ್ತು.

ಮಂಜು: ಸರಿ, ಮನುಷ್ಯನ ಹೆಸರು. ಹಾಗಾದ್ರೆ ಇಂಗ್ಲಿಷಿನ ‘ಕಬ್’, ಅಂದ್ರೆ ಮರಿ, ಅದರಿಂದ ಬಂದಿರಬೇಕು.

ಶ್ರೀಧರ: ಅದೂ ಅಲ್ಲ. ಮಾರ್ಕ್ ಕಬ್ಬನ್ ಇಂಗ್ಲೆಂಡ್, ಐರ್ಲೆಂಡ್ ನಡುವಿನ ಐಲ್ ಆಫ್ ಮ್ಯಾನ್ ದ್ವೀಪದವರು. ತಂದೆ ಅಲ್ಲಿನ ಮಾಗೋಲ್ಡ್ ಚರ್ಚಿನ ಪಾದ್ರಿ. ಆ ದ್ವೀಪದ ಹಳೇ ಭಾಷೆ ಮ್ಯಾಂಕ್ಸ್, ಐರಿಷ್‌ನ ದಾಯಾದಿ. ಹೆಸರಿನ ಮೂಲ ‘ಮ್ಯಾಕ್ ಗಿಬನ್’, ಗಿಬನ್‌ನ ಮಗ. ಬೇಗ ಬೇಗ ಹೇಳಿ ನೋಡು: ಮ್ಯಾಕ್‌ಗಿಬನ್, ಮ್ಯಾಕ್ಕಿಬನ್. ‘ಮ್ಯಾ’ ಉದುರಿತು, ‘ಕ್’ ಮುಂದಿನ ಹೆಸರಿಗೆ ಅಂಟಿತು. ಸಿ, ಕೆ, ಕ್ಯೂ ಅಕ್ಷರದಿಂದ ಶುರುವಾಗೋ ಅಡ್ಡಹೆಸರು ಅಲ್ಲಿ ಅಷ್ಟೊಂದು ಇರೋದು ಇದರಿಂದಲೇ. ಕಾರ್ಕಿಲ್ ಅಂದ್ರೆ ಥೋರ್ಕೆಲ್‌ನ ಮಗ, ಕಿನ್ಲಿ ಅಂದ್ರೆ ಫಿನ್ಲಿಯ ಮಗ.

ಮಂಜು: ‘ಗಿ’ ಹೋಗಿ ‘ಕ’ ಹೇಗಾಯ್ತು? ಸ್ವರ ಯಾಕೆ ಬದಲಾಯ್ತು?

ಶ್ರೀಧರ: ಪಕ್ಕದಲ್ಲಿ ‘ಬ’ ಇದೆಯಲ್ಲ. ತುಟಿ ಮುಚ್ಚೋ ಅಕ್ಷರದ ಪಕ್ಕ ಇಕಾರ ಉಕಾರದ ಕಡೆ ಜಾರುತ್ತೆ. ಮಂಡ್ಯದಲ್ಲಿ ‘ಬಿಡು’ ‘ಬುಡು’ ಆಗಲ್ವಾ, ಹಾಗೆ. ಬರೆಯುವಾಗ ಸಿ ಆದಮೇಲೆ ಯು. ಅದನ್ನೇ ನಾವು ‘ಕ’ ಅಂತ ಓದ್ತೀವಿ.

ಸುಮಾ: ಇನ್ನೊಂದು ಸಾಕ್ಷಿ, ಆಸ್ಟ್ರೇಲಿಯಾದ ಚಿತ್ರಕಾರ ಫ್ರೆಡೆರಿಕ್ ಮೆಕಬಿನ್ ಹೆಸರು. ಅಲ್ಲಿ ‘ಮ್ಯಾಕ್’ ಉಳಿದಿದೆ.

ಮಂಜು: ಗಿಬನ್ ಅನ್ನೋದು ಗಿಲ್ಬರ್ಟ್‌ನ ಮುದ್ದಿನ ರೂಪ ತಾನೇ? ಗಿಲ್ಬರ್ಟ್ ತಂದವರು ನಾರ್ಮನ್ನರು. ಅಲ್ಲಿಗೆ ಮೂಲ ಫ್ರೆಂಚ್ ಆಯ್ತಲ್ಲ.

ಶ್ರೀಧರ: ಇಲ್ಲೇ ನೀನು ಎಡವೋದು ಮಂಜು. ವ್ಯಕ್ತಿನಾಮದ ಮೂಲ ಬೇರೆ, ಅಡ್ಡಹೆಸರಿನ ಮೂಲ ಬೇರೆ. ‘ಗಿಬನ್’ ಹೊರಗಿನಿಂದ ಬಂದಿದ್ದು ನಿಜ. ‘ಇಂಥವನ ಮಗ’ ಅಂತ ಕಟ್ಟಿ ‘ಕಬ್ಬನ್’ ಮಾಡಿದ್ದು ಮ್ಯಾಂಕ್ಸ್ ಬಾಯಿ. ನಮ್ಮ ‘ಸಾಹೇಬಗೌಡ’ ಅರಬ್ಬೀ ಹೆಸರು ಅಂತೀಯಾ?

ಮಂಜು: ಅದು ಒಪ್ಪಿದೆ. ದಾಖಲೆಯಲ್ಲಿ ನೋಡೋದು ಹೇಗೆ?

ಸುಮಾ: ಕೊನೆಯಿಂದ ಹಿಂದಕ್ಕೆ ಹೋಗು. ಮೊದಲು 1881ರ ಬ್ರಿಟಿಷ್ ಜನಗಣತಿ, ಅದರಲ್ಲಿ ದ್ವೀಪವೂ ಸೇರಿದೆ. ಅಲ್ಲಿಂದ ಚರ್ಚಿನ ದೀಕ್ಷಾಸ್ನಾನ, ಮದುವೆ ಪುಸ್ತಕ. ಕೊನೆಗೆ 1511ರಿಂದ ಸಿಗೋ ಭೂಕಂದಾಯದ ಪಟ್ಟಿ. ಆ ಪಟ್ಟಿಯಲ್ಲಿ ಹೆಸರುಗಳಿಗೆ ‘ಮ್ಯಾಕ್’ ಇನ್ನೂ ಇದೆ, 17ನೇ ಶತಮಾನದ ಹೊತ್ತಿಗೆ ಹೆಚ್ಚುಕಮ್ಮಿ ಮಾಯ. ಇಂಗ್ಲೆಂಡಿನ ಚರ್ಚುಗಳು ಇಂಥ ಪುಸ್ತಕ ಇಡಬೇಕು ಅಂತ 1538ರಲ್ಲಿ ಬಂದ ಕಟ್ಟಳೆಯನ್ನ ದ್ವೀಪಕ್ಕೆ ಹಾಕಬೇಡ. ಅಲ್ಲಿನ ಪುಸ್ತಕ ಸುಮಾರಾಗಿ 17ನೇ ಶತಮಾನದವು.

ಶ್ರೀಧರ: ಒಂದೇ ಕಾಗುಣಿತದಲ್ಲಿ ಹುಡುಕಿದ್ರೆ ಅರ್ಧ ಕುಟುಂಬ ಕೈತಪ್ಪುತ್ತೆ. ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಬರೆದವರು. ಕಬ್ಬನ್, ಕಬ್ಬಿನ್, ಒಂದೇ ‘ಬ’ ಇರೋ ರೂಪ, ಮುಂದೆ ಮ್ಯಾಕ್ ಇರೋ ರೂಪ, ಎಲ್ಲವನ್ನೂ ಹಾಕಿ ನೋಡು.

ಮಂಜು: ‘ಕಬ್ಬಿನ್’ ಅಂತಾನೂ ಇದೆಯಾ! ಫಾರ್ವರ್ಡ್ ಅಳಿಸಿದೆ. ಬಂದ ಗುಂಪಿಗೂ ಈ ‘ಮ್ಯಾಕ್ ಗಿಬನ್’ ವಿಷಯ ಹಾಕ್ತೀನಿ.