ಪದಚರ್ಚೆ: ‘ಲಿಂಗ ಸಮಾನ’ ಚಾರ್ಜಿಂಗ್ ಕೇಂದ್ರ ಎನ್ನಬಹುದೇ?

ಪ್ರಶ್ನೆ: ಇವಿ (ವಿದ್ಯುತ್ ವಾಹನ) ಚಾರ್ಜಿಂಗ್ ಕೇಂದ್ರಗಳ ಟೆಂಡರ್ ಕರಡೊಂದು ಕನ್ನಡಕ್ಕೆ ಬರಬೇಕಿದೆ. ‘ಜೆಂಡರ್ ರೆಸ್ಪಾನ್ಸಿವ್ ಪ್ಲಾನಿಂಗ್’ಗೆ (ಹೆಣ್ಣು-ಗಂಡಿನ ಬೇರೆ ಬೇರೆ ಅಗತ್ಯಗಳನ್ನು ಗಮನಿಸಿ ಮಾಡುವ ಯೋಜನೆ) ‘ಲಿಂಗ ಸಮಾನ ಯೋಜನೆ’ ಸಾಕೇ? ‘ಟ್ರಿಪ್ ಚೈನಿಂಗ್’ಗೆ (ಒಂದೇ ಓಡಾಟದಲ್ಲಿ ಹಲವು ಕಡೆ ನಿಂತು ಕೆಲಸ ಮುಗಿಸುವುದು) ಏನನ್ನೋಣ?

ಉತ್ತರ: ‘ಸಮಾನ’ ಬೇಡ. ಗುತ್ತಿಗೆದಾರರು ಅದನ್ನು ಲೆಕ್ಕದ ಮಾತಾಗಿ ಓದುತ್ತಾರೆ: ನಾಲ್ಕು ಗನ್ (ಕಾರಿಗೆ ಸಿಕ್ಕಿಸುವ ಚಾರ್ಜಿಂಗ್ ಹಿಡಿ) ಇದ್ದರೆ ಎರಡಕ್ಕೆ ಗುಲಾಬಿ ಫಲಕ, ಬಿಲ್ ಪಾಸ್. ‘ಲಿಂಗತ್ವ ಸ್ಪಂದಿ’ ಅರ್ಥಕ್ಕೆ ಹತ್ತಿರವಿದೆ, ಆದರೆ ‘ಲಿಂಗತ್ವ ಅಲ್ಪಸಂಖ್ಯಾತರು’ ಸರ್ಕಾರಿ ಬಳಕೆಯಲ್ಲಿ ರೂಢಿಯಾಗಿರುವುದರಿಂದ ಓದುವವರ ಗಮನ ಅತ್ತ ಸರಿಯುತ್ತದೆ. ಶೀರ್ಷಿಕೆಗೆ ‘ಲಿಂಗ ಸಂವೇದಿ ಯೋಜನೆ’ ಇಡಿ. ಷರತ್ತುಗಳಲ್ಲಿ ಆ ವಿಶೇಷಣವನ್ನೇ ಬಿಟ್ಟು, ಆಗಬೇಕಾದ ಕೆಲಸವನ್ನು ಬರೆಯಿರಿ.

30 ಯೂನಿಟ್ ಬ್ಯಾಟರಿಯ ಕಾರು 30 ಕಿಲೋವ್ಯಾಟ್ ಡಿಸಿ (ವೇಗದ) ಚಾರ್ಜರ್‌ನಲ್ಲಿ ಶೇ 10ರಿಂದ 80ಕ್ಕೆ ಏರಲು ಸುಮಾರು ಮುಕ್ಕಾಲು ಗಂಟೆ ಬೇಕು. ಪೆಟ್ರೋಲ್ ಬಂಕಿನಂತೆ ಐದು ನಿಮಿಷದ ಮಾತಲ್ಲ, ಅಷ್ಟು ಹೊತ್ತು ಮಹಿಳೆಯೊಬ್ಬರು ಅಲ್ಲಿ ಒಂಟಿಯಾಗಿ ಕಾಯಬೇಕಾದೀತು. ಹಾಗಾಗಿ ‘ಸುರಕ್ಷಿತ ವಾತಾವರಣ’ ಎಂದು ಬರೆದು ಸುಮ್ಮನಾದರೆ ಏನೂ ಆಗದು. ‘ಬೆಳಕು ಚಾವಣಿಗಷ್ಟೇ ಅಲ್ಲ, ಗನ್ ಸಿಕ್ಕಿಸುವ ಜಾಗಕ್ಕೂ ರಸ್ತೆಯವರೆಗಿನ ಕಾಲುದಾರಿಗೂ ಬೀಳಬೇಕು, ಶೌಚಾಲಯ ರಾತ್ರಿಯೂ ತೆರೆದಿರಬೇಕು, ಗ್ರಾಹಕರ ಮೊಬೈಲ್ ಸಂಖ್ಯೆ ಕಾವಲುಗಾರರಿಗೆ ಕಾಣಬಾರದು’ ಎಂದು ಬಿಡಿಸಿ ಬರೆಯಬೇಕು.

ಕೇಬಲ್ ಬಗ್ಗೆಯೂ ಒಂದು ಸಾಲಿರಲಿ. ಚಾರ್ಜಿಂಗ್ ಬಾಯಿ ಕೆಲವು ಕಾರುಗಳಲ್ಲಿ ಮುಂದೆ, ಕೆಲವದರಲ್ಲಿ ಹಿಂದೆ. ಕೇಬಲ್ ಗಿಡ್ಡವಾದರೆ ಕಾರನ್ನು ತಿರುಗಿಸಿ ನಿಲ್ಲಿಸಬೇಕು, ಉದ್ದವಾದರೆ ಆ ಭಾರವನ್ನು ನೆಲದ ಮೇಲೆ ಎಳೆಯಬೇಕು. ‘ಕೇಬಲ್ ಭಾರ ಹೊರುವ ತೂಗುತೋಳು’ ಎಂದರೆ ಎಂಜಿನಿಯರಿಗೆ ತಿಳಿಯುತ್ತದೆ. ಬ್ರಿಟನ್ನಿನ ಪಿಎಎಸ್ 1899 (2022) ಅಂಗವಿಕಲರನ್ನು ಮುಖ್ಯವಾಗಿಟ್ಟುಕೊಂಡ, ಚಾರ್ಜಿಂಗ್ ಕೇಂದ್ರಗಳ ಮಾನದಂಡ. ಆದರೂ ಕೇಬಲ್ ಮತ್ತು ಎತ್ತರದ ಷರತ್ತುಗಳ ಭಾಷೆಗೆ ಅದನ್ನು ನೋಡಬಹುದು.

‘ಟ್ರಿಪ್ ಚೈನಿಂಗ್’ಗೆ ‘ಸರಣಿ ಓಡಾಟ’ ಎನ್ನಿ. ‘ಸರಪಳಿ ಪ್ರಯಾಣ’ ಎಂದರೆ ಕೈದಿಗಳ ನೆನಪಾದೀತು! ಮಗುವನ್ನು ಶಾಲೆಗೆ ಬಿಟ್ಟು, ಕೆಲಸ ಮುಗಿಸಿ, ತರಕಾರಿ, ಅತ್ತೆಯ ಮಾತ್ರೆ ಹಿಡಿದು ಮನೆ ಸೇರುವುದು ಒಂದೇ ಸರಣಿ. ‘ಮನೆಯಿಂದ ಕಚೇರಿಗೆ ಎಷ್ಟು ಕಿ.ಮೀ.?’ ಎಂದಷ್ಟೇ ಕೇಳುವ ಸಮೀಕ್ಷೆಯಲ್ಲಿ ಇದು ದಾಖಲಾಗುವುದಿಲ್ಲ. ಕೊನೆಗೆ ಚಾರ್ಜರ್‌ಗಳೆಲ್ಲ ಹೆದ್ದಾರಿ, ಟೆಕ್ ಪಾರ್ಕ್ ಸೇರುತ್ತವೆ. ಸಂತೆ, ಆಸ್ಪತ್ರೆ, ಶಾಲೆಗಳ ಬಳಿ ಸ್ಕೂಟರಿಗೊಂದು ಸಾಕೆಟ್ಟೂ ಇರುವುದಿಲ್ಲ. ಪ್ರಶ್ನಾವಳಿಯಲ್ಲಿ ‘ನಿನ್ನೆ ಎಲ್ಲೆಲ್ಲಿ ನಿಂತಿರಿ, ಎಷ್ಟು ಹೊತ್ತು?’ ಎಂದಿರಲಿ. ಮನೆಯ ಯಜಮಾನರೊಬ್ಬರನ್ನೇ ಕೇಳಿ ಎದ್ದುಬರಬಾರದು.

ಮತ್ತೊಂದು ಉತ್ತರ: ‘ಸರಣಿ ಓಡಾಟ’ ಒಪ್ಪಿಗೆ. ಆದರೆ ಇದು ವಿದ್ಯುತ್ ಉಪಕರಣಗಳ ದಾಖಲೆ. ಇದರಲ್ಲೇ ಸೆನ್ಸರ್‌ಗೆ ‘ಸಂವೇದಕ’ ಎಂದೂ ಬರುತ್ತದೆ. ‘ಸಂವೇದಿ’ ಪಕ್ಕದಲ್ಲಿದ್ದರೆ ಗೊಂದಲ. ‘ಹೆಣ್ಣು-ಗಂಡು ಎಲ್ಲರ ಓಡಾಟಕ್ಕೆ ಹೊಂದುವ ಯೋಜನೆ’ ಎಂದರೆ ಉದ್ದವಾದರೂ ತಕರಾರಿಲ್ಲ.